ಮರಿಯೋ, ಬೆಳೆದ ಕುದುರೆಯೋ: ಮಸ್ಟ್ಯಾಂಗ್ ದತ್ತು ಪಡೆದ ನನ್ನ ಅನುಭವ

ಕಾಡು ಕುದುರೆಯನ್ನು ದತ್ತು ತರುತ್ತೇನೆಂದಾಗ ಇಲ್ಲಿ ನೆವಾಡಾದ ರೀನೋದಲ್ಲಿರುವ ಕನ್ನಡದ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: ತರುವುದಾದರೆ ಮರಿಯನ್ನೇ ತನ್ನಿ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಾನು ತಂದದ್ದು ಆರು ವರ್ಷದ ಕುದುರೆ. ಕೆಂಚ ಎಂದು ಹೆಸರಿಟ್ಟಿದ್ದೇವೆ. ಈಗ ಅವನ ಬೆನ್ನ ಮೇಲೆ ಕುಳಿತು ಗುಡ್ಡ ಹತ್ತಿ ಇಳಿಯುತ್ತೇನೆ. ಮೊದಲ ಸಲ ಕಾಡು ಕುದುರೆ ತರುವವರು, ಅದರಲ್ಲೂ ಸವಾರಿಯ ಆಸೆ ಇರುವವರು, ಬೆಳೆದ ಕುದುರೆಯನ್ನೇ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಅಮೆರಿಕದ ಪಶ್ಚಿಮದ ಹತ್ತು ರಾಜ್ಯಗಳ ಸರ್ಕಾರಿ ಬಯಲುಗಳಲ್ಲಿ ಮಸ್ಟ್ಯಾಂಗ್ ಎಂಬ ಈ ಕುದುರೆಗಳು ಹಿಂಡು ಹಿಂಡಾಗಿ ಬದುಕುತ್ತವೆ. ಅರ್ಧಕ್ಕಿಂತ ಹೆಚ್ಚು ಇರುವುದು ನೆವಾಡಾದಲ್ಲೇ. ಹಿಂದೆ ಇವುಗಳನ್ನು ಲಾರಿ ಮತ್ತು ವಿಮಾನಗಳಿಂದ ಅಟ್ಟಿಸಿಕೊಂಡು ಹೋಗಿ ಹಿಡಿದು ಕಸಾಯಿಖಾನೆಗೆ ಸಾಗಿಸುತ್ತಿದ್ದರು. ಅದರ ವಿರುದ್ಧ ದನಿ ಎತ್ತಿದವರು ಇದೇ ರೀನೋ ಸೀಮೆಯ ವೆಲ್ಮಾ ಜಾನ್‌ಸ್ಟನ್. ಜನ ಆಕೆಯನ್ನು ವೈಲ್ಡ್ ಹಾರ್ಸ್ ಆನಿ ಎಂದೇ ಕರೆದರು. ದೇಶದ ಶಾಲಾ ಮಕ್ಕಳು ಬರೆದ ಪತ್ರಗಳ ರಾಶಿಯೂ ಸೇರಿ 1971ರಲ್ಲಿ ಕಾಡು ಕುದುರೆ ಮತ್ತು ಕತ್ತೆಗಳ ರಕ್ಷಣೆಯ ಕಾಯ್ದೆ ಬಂತು. ಕುದುರೆಗಳು ಬದುಕಿದವು, ಬೆಳೆದವು, ಮೇವಿಗಿಂತ ಹೆಚ್ಚಾದವು. ಬಯಲು ತಾಳಬಲ್ಲದ್ದು ಸುಮಾರು 25,500 ಕುದುರೆ, ಕತ್ತೆಗಳನ್ನು ಎಂದು ಈ ಬಯಲುಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ, ಭೂ ನಿರ್ವಹಣಾ ಬ್ಯೂರೋ, ಲೆಕ್ಕ ಹಾಕಿದೆ. 2024ರ ಅದರ ಅಂದಾಜಿನಲ್ಲಿ ಇದ್ದದ್ದು 73 ಸಾವಿರಕ್ಕೂ ಹೆಚ್ಚು. ಹೀಗೆ ಹೆಚ್ಚಾದವನ್ನು ಹಿಡಿದು ದೊಡ್ಡಿಗೆ ತಂದು, ಲಸಿಕೆ ಹಾಕಿ, ಗಂಡುಗಳ ಬೀಜ ತೆಗೆಸಿ ದತ್ತು ಕೊಡುತ್ತಾರೆ. ಪಳಗಿಸದ ಕುದುರೆಗೆ ಶುಲ್ಕ ಸಾಮಾನ್ಯವಾಗಿ 125 ಡಾಲರಿನಿಂದ ಆರಂಭ. ಮೊದಲ ಒಂದು ವರ್ಷ ಕುದುರೆ ಸರ್ಕಾರದ್ದೇ. ಚೆನ್ನಾಗಿ ನೋಡಿಕೊಂಡಿದ್ದೇವೆಂದು ಖಾತ್ರಿಯಾದ ಮೇಲೆ ಒಡೆತನದ ಪತ್ರ ಕೈಗೆ ಬರುತ್ತದೆ.

ರೀನೋದಿಂದ ಉತ್ತರಕ್ಕೆ ಪಿರಮಿಡ್ ಹೆದ್ದಾರಿಯಲ್ಲಿ ಹೋದರೆ ಪಲೊಮಿನೊ ವ್ಯಾಲಿ ದೊಡ್ಡಿ ಸಿಗುತ್ತದೆ. ಮರಿಗಳ ಆವರಣದ ಮುಂದೆ ಯಾವಾಗಲೂ ಜನ. ಒಂದು ವರ್ಷದ ಮರಿ ಬೇಲಿಯ ಹತ್ತಿರವೇ ಬಂದು ಮೂಸುತ್ತದೆ, ಮುದ್ದು ಬರುವುದು ಸಹಜ. ಬೆಳೆದ ಕುದುರೆಗಳ ಆವರಣದ ಬಳಿ ನೀವು ಹೋದ ಕೂಡಲೇ ಇಡೀ ಗುಂಪು ದೂಳೆಬ್ಬಿಸಿ ಆಚೆ ತುದಿಗೆ ಓಡುತ್ತದೆ. ನೋಡಿದವರು ಅಂಜಿ ಮರಿಗಳ ಕಡೆಗೆ ತಿರುಗುತ್ತಾರೆ. ಹಾಗೆ ಯಾರ ಕಣ್ಣಿಗೂ ಬೀಳದೆ ಮೂರು ಸಲ ಉಳಿದ ಕುದುರೆ, ಅಥವಾ ಹತ್ತು ವರ್ಷ ದಾಟಿದ ಕುದುರೆ, 2004ರ ತಿದ್ದುಪಡಿಯಂತೆ ನೇರ ಮಾರಾಟದ ಪಟ್ಟಿಗೆ ಸೇರುತ್ತದೆ. ದತ್ತು ಹೋಗದ ಎಷ್ಟೋ ಕುದುರೆಗಳು ಸರ್ಕಾರ ಗುತ್ತಿಗೆಗೆ ಪಡೆದ ದೂರದ ಹುಲ್ಲುಗಾವಲುಗಳಲ್ಲಿ ಆಯುಷ್ಯ ಕಳೆಯುತ್ತವೆ. ಆರೇಳು ವರ್ಷದ ಗಟ್ಟಿಮುಟ್ಟಾದ ಕುದುರೆಗಳನ್ನು ಜನ ಹೀಗೆ ದಾಟಿ ಹೋಗುವುದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ವಯಸ್ಸನ್ನು ಯಾರ ಬಾಯಿಮಾತಿನಿಂದಲೂ ತಿಳಿಯಬೇಕಿಲ್ಲ. ಕುದುರೆಯ ಕೊರಳಿನ ಎಡಭಾಗದಲ್ಲಿ, ಜೂಲಿನ ಕೆಳಗೆ ಒಂದು ಸಾಲು ಬಿಳಿ ಗುರುತು ಇರುತ್ತದೆ. ಕಡುತಣ್ಣಗೆ ಮಾಡಿದ ಲೋಹದ ಅಚ್ಚನ್ನು ಒತ್ತಿದ ಜಾಗದಲ್ಲಿ ಕೂದಲು ಬೆಳ್ಳಗೆ ಬೆಳೆದು ಉಂಟಾದ ಗುರುತು ಅದು. ಅಂಕೆಗಳ ಬದಲು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ ಕೋನಗಳಿರುತ್ತವೆ. ಮೊದಲಿನದು ಸರ್ಕಾರದ ಮುದ್ರೆ, ಆಮೇಲೆ ಒಂದರ ಕೆಳಗೊಂದು ಇರುವ ಎರಡು ಚಿಹ್ನೆ ಹುಟ್ಟಿದ ವರ್ಷ, ಉಳಿದದ್ದು ನೋಂದಣಿ ಸಂಖ್ಯೆ. ಹುಟ್ಟಿದ ವರ್ಷವನ್ನು ಹಲ್ಲು ನೋಡಿ ಅಂದಾಜು ಮಾಡುತ್ತಾರೆ. ಐದು ವರ್ಷದ ಹೊತ್ತಿಗೆ ಹಾಲುಹಲ್ಲೆಲ್ಲ ಬಿದ್ದು ಹೊಸ ಹಲ್ಲು ಬಂದಿರುವುದರಿಂದ ಅಲ್ಲಿಯವರೆಗಿನ ಅಂದಾಜು ನಂಬಬಹುದು. ವಯಸ್ಸು ಹೆಚ್ಚಿದಂತೆ ಒಂದೆರಡು ವರ್ಷ ಆಚೀಚೆ ಆಗಬಹುದು.

ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಎರಡು ವರ್ಷದ ಕುದುರೆಗಳು ಓಡುವುದನ್ನು ನೋಡಿದವರು ಮರಿ ತಂದು ಒಂದು ವರ್ಷದಲ್ಲಿ ಸವಾರಿ ಮಾಡಬಹುದೆಂದು ಎಣಿಸುತ್ತಾರೆ. ಓಟದ ಕುದುರೆಗಳ ಲೆಕ್ಕವೇ ಬೇರೆ, ಅದರ ಬೆಲೆಯನ್ನು ಅವುಗಳ ಕಾಲುಗಳು ತೆರುತ್ತವೆ. ಕುದುರೆಯ ಬೆನ್ನುಮೂಳೆಯ ತುದಿಗಳು ಪೂರ್ತಿ ಗಟ್ಟಿಯಾಗಲು ಐದಾರು ವರ್ಷ ಬೇಕು. ಒಂದು ವರ್ಷದ ಮರಿಯನ್ನು ತಂದರೆ ಹಗುರ ಸವಾರಿಗೇ ಇನ್ನು ಎರಡು ಮೂರು ವರ್ಷ ಕಾಯಬೇಕು. ಅಷ್ಟು ಕಾಲವೂ ಹುಲ್ಲು, ಪಶುವೈದ್ಯರು, ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವವರು ಎಲ್ಲರಿಗೂ ಹಣ ಕೊಡುತ್ತಲೇ ಇರಬೇಕು. ಮರಿ ಎಷ್ಟು ಎತ್ತರ ಬೆಳೆಯುತ್ತದೆ, ಕಾಲು ನೆಟ್ಟಗಿರುತ್ತದೆಯೇ, ಇದೆಲ್ಲ ಊಹೆ. ಬಣ್ಣ ಕೂಡ ಅಷ್ಟೇ: ಬೂದು ಬಣ್ಣಕ್ಕೆ ತಿರುಗುವ ಕುದುರೆಗಳು ಹುಟ್ಟುವಾಗ ಕಪ್ಪೋ ಕಂದೋ ಇರುತ್ತವೆ. ಆರು ವರ್ಷದ ಕುದುರೆಯಲ್ಲಿ ಕಣ್ಣಿಗೆ ಕಂಡದ್ದೇ ಕೈಗೆ ಬರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ನಡತೆ. ಹಿಂಡಿನಲ್ಲಿ ಬೆಳೆದ ಕುದುರೆಗೆ ದೊಡ್ಡವರು ಬುದ್ಧಿ ಕಲಿಸಿರುತ್ತಾರೆ. ಹಿರಿಯ ಹೆಣ್ಣು ಕಿವಿ ಹಿಂದಕ್ಕೆ ಮಡಚಿದರೆ ಸರಿದು ನಿಲ್ಲಬೇಕು, ಇನ್ನೊಬ್ಬರ ಜಾಗಕ್ಕೆ ನುಗ್ಗಬಾರದು ಎಂಬುದು ಅದರ ಮೈಗೇ ಗೊತ್ತು. ಅಂಥ ಕುದುರೆ ನಿಮಗೆ ಹೆದರುತ್ತದೆ, ಆದರೆ ನಿಮ್ಮನ್ನು ತುಳಿದುಕೊಂಡು ಹೋಗಲು ನೋಡುವುದಿಲ್ಲ. ಚಿಕ್ಕಂದಿನಲ್ಲೇ ತಾಯಿಯಿಂದ ಬೇರೆಯಾಗಿ ಓರಗೆಯವರ ನಡುವೆ ದೊಡ್ಡಿಯಲ್ಲಿ ಬೆಳೆದ ಮರಿಗೆ ಈ ಪಾಠ ಆಗಿರುವುದಿಲ್ಲ. ಮೊದಲ ವಾರದಲ್ಲೇ ಕೈಗೆ ಮೂಗು ತಾಗಿಸುತ್ತದೆ, ಮುಂದೆ ಅದೇ ಮೂಗಿನಿಂದ ತಳ್ಳುತ್ತದೆ, ಆಮೇಲೆ ಕಚ್ಚುತ್ತದೆ, ಮುಂಗಾಲೆತ್ತಿ ಹೊಡೆಯುತ್ತದೆ. ನಮ್ಮ ರಸ್ತೆಯ ಆಚೆ ಮನೆಯವರು ತಂದ ಮರಿಯ ಜೊತೆ ನಾನೂ ಕೆಲಸ ಮಾಡಿದ್ದೇನೆ. ಇನ್ನೂರು ಕಿಲೋ ತೂಗುವ ಪ್ರಾಣಿ ಆಟಕ್ಕೆಂದು ಹೆಗಲ ಮೇಲೆ ಕಾಲು ಹಾಕಲು ಬಂದರೆ ಅದು ಆಟವಾಗಿ ಉಳಿಯುವುದಿಲ್ಲ. ಭಯವನ್ನು ಸಾವಕಾಶವಾಗಿ ಕಳೆಯಬಹುದು. ಭಯವೂ ಇಲ್ಲದ, ಮರ್ಯಾದೆಯೂ ಗೊತ್ತಿಲ್ಲದ ಕುದುರೆಗೆ ಕಲಿಸುವುದು ನುರಿತ ಕೈಗಳ ಕೆಲಸ.

ಬೆಳೆದವುಗಳಲ್ಲಿ ಯಾವುದನ್ನು ಆರಿಸಬೇಕು? ನಾನು ಬೇಲಿಯ ಹೊರಗೆ ಏನೂ ಮಾಡದೆ ಬಹಳ ಹೊತ್ತು ನಿಂತೆ. ಎಲ್ಲವೂ ಓಡುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಓಡಿ ನಿಂತ ಮೇಲೆ ಯಾವುದು ಬೇಗ ಉಸಿರು ಬಿಟ್ಟು, ಮುಖ ನನ್ನ ಕಡೆ ತಿರುಗಿಸಿ, ಎರಡು ಕಿವಿಗಳನ್ನೂ ಮುಂದಕ್ಕೆ ಮಾಡಿ ನೋಡುತ್ತದೆ ಎಂಬುದನ್ನು ಗಮನಿಸಿದೆ. ಕೆಂಚ ಪ್ರತಿ ಸಲವೂ ಮೊದಲು ತಿರುಗಿದ. ಹುಲ್ಲಿನ ಬಳಿ ಅವನು ಯಾರನ್ನೂ ಅಟ್ಟಲಿಲ್ಲ, ಯಾರಿಂದಲೂ ಅಟ್ಟಿಸಿಕೊಳ್ಳಲೂ ಇಲ್ಲ. ಬೇಲಿಗೆ ಎಗರುವ ಕುದುರೆಯನ್ನು, ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ. ಬೆಳೆದ ಹೆಣ್ಣಾದರೆ ಗಬ್ಬವಾಗಿದೆಯೇ ಎಂದು ಕೇಳಿ. ಗಂಡಾದರೆ ಬೀಜ ತೆಗೆಸಿ ಎಷ್ಟು ದಿನವಾಯಿತೆಂದು ಕೇಳಿ, ಹಳೆಯ ಗಂಡುಬುದ್ಧಿ ಇಳಿಯಲು ಸ್ವಲ್ಪ ಕಾಲ ಬೇಕು.

ಬೆಳೆದ ಕುದುರೆಗೆ ಸಿದ್ಧತೆ ಹೆಚ್ಚು ಎಂಬುದು ನಿಜ. ಪಳಗಿಸದ ದೊಡ್ಡ ಕುದುರೆಗೆ ಬೇಲಿ ಆರು ಅಡಿ ಇರಲೇಬೇಕು, ಒಂದೂವರೆ ವರ್ಷದೊಳಗಿನ ಮರಿಗೆ ಐದು ಅಡಿ ಸಾಕು. ಜಾಗ ಕನಿಷ್ಠ 400 ಚದರ ಅಡಿ, ಮುಳ್ಳುತಂತಿ ಕೂಡದು. ನಾನು ಕಬ್ಬಿಣದ ಪ್ಯಾನೆಲ್‌ಗಳಿಂದ ಆವರಣ ಕಟ್ಟಿದೆ. ಅದರ ಪಕ್ಕದಲ್ಲೇ ನಮ್ಮ ಮುದಿ ಹೆಣ್ಣು ಕುದುರೆಯ ಲಾಯ. ಆಕೆ ನನ್ನ ಕೈಯಿಂದ ತಿನ್ನುವುದನ್ನು ಕೆಂಚ ದಿನವೂ ನೋಡುತ್ತಿದ್ದ, ಅದರಿಂದ ಆದ ಉಪಕಾರ ದೊಡ್ಡದು. ಅವನಿಗೆ ಸೇಬು, ಗಜ್ಜರಿ ತಿನ್ನುವ ವಸ್ತುವೆಂದೇ ಗೊತ್ತಿರಲಿಲ್ಲ. ಒಣಹುಲ್ಲು ಮಾತ್ರ ಗೊತ್ತಿತ್ತು.

ದೊಡ್ಡಿಯಲ್ಲಿ ಪ್ರತಿ ಕುದುರೆಯ ಕೊರಳಿಗೂ ಹಗ್ಗದಲ್ಲಿ ನಂಬರಿನ ಬಿಲ್ಲೆ ಕಟ್ಟಿರುತ್ತಾರೆ. ಅದನ್ನು ನಮ್ಮ ಕೈಯಾರೆ ಬಿಚ್ಚುವುದೇ ಮೊದಲ ಪರೀಕ್ಷೆ. ನಾನು ಅವಸರ ಮಾಡಲಿಲ್ಲ. ಅವನು ನನ್ನ ಕಡೆ ನೋಡಿ ನಿಂತರೆ ನಾನು ಬೆನ್ನು ತಿರುಗಿಸಿ ದೂರ ಹೋಗುತ್ತಿದ್ದೆ. ನಿಂತರೆ ಮನುಷ್ಯ ದೂರವಾಗುತ್ತಾನೆ ಎಂಬುದು ತಿಳಿದ ಮೇಲೆ ಕುದುರೆಗೆ ಓಡುವ ಅಗತ್ಯ ಕಡಿಮೆಯಾಗುತ್ತದೆ. ಮೊದಲ ಸ್ಪರ್ಶ ಬಿದಿರು ಕೋಲಿನಿಂದ, ತುದಿಗೆ ಬಟ್ಟೆ ಸುತ್ತಿ, ಕೊರಳು ಬೆನ್ನಿಗೆ ಸೇರುವ ಉಬ್ಬಿನ ಮೇಲೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಮೊದಲು ಚರ್ಮ ನೊಣ ಕೂತಂತೆ ಅದುರಿತು. ಕೋಲನ್ನು ಅಲ್ಲೇ ಇಟ್ಟು, ಅದುರುವುದು ನಿಂತ ಕ್ಷಣ ತೆಗೆದೆ. ಬರುಬರುತ್ತಾ ಕೋಲಿನ ಮೇಲೆ ಕೈ ಮುಂದೆ ಮುಂದೆ ಹಿಡಿಯುತ್ತಾ ಹೋದೆ. ಕೊನೆಗೆ ಬೆರಳೇ ತಾಗಿತು. ಕೆರೆದಾಗ ಅವನ ಮೇಲ್ದುಟಿ ಉದ್ದವಾಗಿ ಒಂದು ಪಕ್ಕಕ್ಕೆ ವಾಲಿತು. ಬಿಲ್ಲೆಯ ಗಂಟು ಆ ಹೊತ್ತಿಗೆ ದೂಳು ಬೆವರು ಸೇರಿ ಕಲ್ಲಾಗಿತ್ತು. ಒಂದು ಕೈಯಿಂದ ಕೆರೆಯುತ್ತಲೇ ಇನ್ನೊಂದು ಕೈಯಿಂದ ಕತ್ತರಿಸಿದೆ.

ಬಲಬದಿಗೆ ಇದೆಲ್ಲ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಎಡಬದಿಯಲ್ಲಿ ಕೆಂಚ ಒಪ್ಪಿಕೊಂಡದ್ದು ಬಲಬದಿಯಲ್ಲಿ ಅವನಿಗೆ ಇನ್ನೂ ಹೊಸದಾಗಿಯೇ ಇತ್ತು. ಆಮೇಲೆ ಹಾಲ್ಟರ್ ಎಂಬ ತಲೆಗೆ ಹಾಕುವ ಪಟ್ಟಿ, ನಡೆಸುವುದು, ಕಾಲೆತ್ತುವುದು, ತಡಿ ಬಿಗಿಯುವುದು ಒಂದರ ಹಿಂದೊಂದು ಬಂದವು. ಇಲ್ಲಿ ಬೆಳೆದ ಕುದುರೆಯ ಇನ್ನೊಂದು ಗುಣ ಕಂಡೆ: ಒಮ್ಮೆ ಅರ್ಥವಾದರೆ ಅದು ಮರೆಯುವುದಿಲ್ಲ, ಮರಿಯಂತೆ ನಡುವೆ ಬೇಸರಗೊಂಡು ಗಮನ ಬಿಡುವುದೂ ಇಲ್ಲ. ಕಲ್ಲುಗುಡ್ಡದಲ್ಲಿ ಕಾಲಿಡುವುದನ್ನಂತೂ ನಾನು ಕಲಿಸಬೇಕಿರಲಿಲ್ಲ. ಹುಟ್ಟಿ ಬೆಳೆದದ್ದೇ ಅಂಥ ನೆಲದಲ್ಲಿ.

ಸವಾರಿಯ ಅವಸರವಿಲ್ಲದವರು, ಮನೆಯಲ್ಲಿ ಶಾಂತ ಸ್ವಭಾವದ ದೊಡ್ಡ ಕುದುರೆ ಇರುವವರು, ಮರಿಯನ್ನು ಬೆಳೆಸುವುದೇ ಸಂತೋಷ ಎನ್ನುವವರು ಮರಿಯನ್ನೇ ತರಲಿ. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತದೆ, ಆದ್ದರಿಂದ ಕುದುರೆಯ ವಯಸ್ಸಿನ ಜೊತೆ ನಮ್ಮ ವಯಸ್ಸನ್ನೂ ಲೆಕ್ಕ ಹಾಕಿಕೊಳ್ಳಬೇಕು. ನಾನೀಗ ಎರಡನೆಯದಕ್ಕೆ ಅರ್ಜಿ ಹಾಕಿದ್ದೇನೆ, ಈ ಸಲ ಒಂದು ವರ್ಷದ ಹೆಣ್ಣು ಮರಿಗೆ. ಮರಿ ದೊಡ್ಡದಾಗುವವರೆಗೆ ಸವಾರಿಗೆ ಕೆಂಚ ಇದ್ದಾನೆ. ಕಿವಿ ಮಡಚಿ ಬುದ್ಧಿ ಹೇಳುವ ಕೆಲಸವನ್ನೂ ಅವನೇ ನನಗಿಂತ ಚೆನ್ನಾಗಿ ಮಾಡುತ್ತಾನೆ. ಆರು ಅಡಿಯ ಬೇಲಿ ಹೇಗೂ ಇದೆ, ಮರಿಗೆಂದು ಪ್ಯಾನೆಲ್‌ಗಳ ಕೆಳಗಿನ ಸಂದನ್ನು ಮುಚ್ಚುವ ಕೆಲಸವೊಂದು ಬಾಕಿ.