ಅದೇ ಗಜಲಕ್ಷ್ಮಿ, ನನ್ನದೇ ಗೆರೆ

ಮೈಸೂರು ಶೈಲಿಯಲ್ಲಿ ಚಿತ್ರ ಬರೆಯುವವರಿಗೆ "ಹೊಸದೇನಾದರೂ ಮಾಡಿ" ಎಂಬ ಉಪದೇಶ ಪುಕ್ಕಟೆ ಸಿಗುತ್ತದೆ. ಪ್ರದರ್ಶನದ ಆಯೋಜಕರೊಬ್ಬರ ಒತ್ತಾಯಕ್ಕೆ ನಾನೂ ಹೊಸ ವಿಷಯಗಳನ್ನು ಹಿಡಿದೆ: ಬೆಟ್ಟ ಹತ್ತುವ ಬಸ್ಸು, ಮಾರುಕಟ್ಟೆಯ ಹೂವಿನವಳು. ಎಲ್ಲಕ್ಕೂ ಜೆಸ್ಸೊ (ರೇಕಿನ ಕೆಳಗೆ ಉಬ್ಬಿ ನಿಲ್ಲುವ ಲೇಪ), ಎಲ್ಲಕ್ಕೂ ಚಿನ್ನದ ರೇಕು. ರೇಕು, ಹಲಗೆ, ಚೌಕಟ್ಟು ಸೇರಿ ಸುಮಾರು 40 ಸಾವಿರ ರೂಪಾಯಿ ಕೈಬಿಟ್ಟಿತು. ಚಿಕ್ಕವು ಒಂದೆರಡು ಮಾರಾಟವಾದವು, ಉಳಿದವು ಅಟ್ಟ ಸೇರಿದವು. ವಿಷಯವೇನೋ ಹೊಸದು, ಗೆರೆ ಮಾತ್ರ ಯಾರದೋ ಆಗಿತ್ತು.

ಜಗನ್ಮೋಹನ ಅರಮನೆಯ ಹಳೆಯ ಚಿತ್ರಗಳ ಮುಂದೆ ಗಂಟೆಗಟ್ಟಲೆ ನಿಂತ ಮೇಲೆ ದಾರಿ ಕಂಡಿತು: ವಿಷಯ ಅದೇ ಹಳೆಯ ಗಜಲಕ್ಷ್ಮಿ, ಗೆರೆ ಮಾತ್ರ ನನ್ನದು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಗ್ರಂಥ, ದೇವರ ರೂಪ ವರ್ಣಿಸುವ ಧ್ಯಾನಶ್ಲೋಕಗಳಲ್ಲಿ, ದೇವಿಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು ಎಂಬುದನ್ನೆಲ್ಲ ಹೇಳುತ್ತದೆ. ಕೆಳರೆಪ್ಪೆಯ ಗೆರೆ ಎಲ್ಲಿ ತೆಳುವಾಗಬೇಕೆಂದು ಯಾವ ಧ್ಯಾನಶ್ಲೋಕವೂ ಹೇಳುವುದಿಲ್ಲ. ಅಷ್ಟು ಜಾಗ ನನಗೆ ಸಾಕು.

ಟ್ರೇಸಿಂಗ್ ಹಾಳೆಯನ್ನು ಎತ್ತಿಟ್ಟೆ. ಪ್ರತಿ ಗಜಲಕ್ಷ್ಮಿಯನ್ನೂ ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ನೇರವಾಗಿ ಬರೆಯತೊಡಗಿದೆ. (ನಡುವೆ ಸೀಬೆ ಕಡ್ಡಿಯನ್ನೂ ಸುಟ್ಟು ನೋಡಿದೆ, ಗೆರೆ ನಿಲ್ಲಲಿಲ್ಲ.) "ಏನಮ್ಮಾ, ತಾಳ ತಪ್ಪಿದರೆ ಗಿರಾಕಿ ವಾಪಸು ತರುತ್ತಾನೆ" ಎಂದರು ಹಿರಿಯ ಗುರುಗಳು. ತಾಳವೆಂದರೆ ಮೂರ್ತಿಯ ಅಂಗಾಂಗಗಳ ಅಳತೆ. ಮೊದಮೊದಲು ಹಾಗೆಯೇ ಆಯಿತು: ಗಲ್ಲ ಉದ್ದವಾಗಿ, ಮುಂಗಡ ಮರಳಿಸಬೇಕಾಯಿತು. ಆದರೂ ಬಿಡಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ರೆಪ್ಪೆಯ ತುದಿ ತಾನಾಗಿ ಕಿವಿಯತ್ತ ಜಾರಿತು, ಸೆರಗಿನ ಕೊನೆಯ ಮಡಿಕೆ ಪೀಠದ ಅಂಚು ದಾಟಿ ನಿಂತಿತು. ಅದನ್ನು ನಾನು ಯೋಚಿಸಿ ತಂದದ್ದಲ್ಲ, ಕೈಯೇ ಹುಡುಕಿಕೊಂಡದ್ದು.

ಚಿನ್ನವನ್ನೂ ತಗ್ಗಿಸಿದೆ. ಪ್ರಭಾವಳಿಯನ್ನು ತುಂಬುವ ಬದಲು ಒಡವೆಗೂ ಸೆರಗಿನ ಅಂಚಿಗೂ ಮಾತ್ರ ರೇಕು. ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಗ್ಗದ ರೇಕನ್ನೂ ಪರೀಕ್ಷಿಸಿದೆ. ಮಳೆಗಾಲ ಮುಗಿಯುವುದರೊಳಗೆ ಕಪ್ಪಿಟ್ಟಿತು. ಜೆಸ್ಸೊಗೆ ಬೇಕಾದ ಸಫೇದ (ಬಿಳಿ ಪುಡಿ), ಮಕ್ಕಿ (ಹಳದಿ ಮರದಂಟು), ಗೋಂದಿನ ಹದವನ್ನು ನನ್ನ ಗೆರೆಯ ಓಟಕ್ಕೆ ಹೊಂದಿಸಿಕೊಂಡಿದ್ದೇನೆ. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕೈಯಲ್ಲೇ ಇರಲಿ.

ಮೊದಲು ಆರೇಳು ಸಾವಿರಕ್ಕೆ ಹೋಗುತ್ತಿದ್ದ ಅಳತೆಯ ಚಿತ್ರ ಈಗ ಹದಿನಾಲ್ಕು, ಹದಿನೈದಕ್ಕೆ ಹೋಗುತ್ತದೆ. ಕಳೆದ ದಸರಾ ಹೊತ್ತಿಗೆ ಒಬ್ಬರು ಸಹಿ ನೋಡುವ ಮೊದಲೇ "ಇದು ನಿಮ್ಮ ಲಕ್ಷ್ಮಿಯಲ್ಲವೇ?" ಎಂದರು. ಗುರುಗಳೂ ಪಕ್ಕದಲ್ಲೇ ಇದ್ದರು. ಮರುವಾರ ತಮ್ಮ ಇಬ್ಬರು ಶಿಷ್ಯರನ್ನು ನನ್ನಲ್ಲಿಗೆ ಕಳಿಸಿದರು.

ಈಗ ಸರಸ್ವತಿಯನ್ನು ಹೀಗೆಯೇ ಹಿಡಿದಿದ್ದೇನೆ. ಮುಖ ಒಲಿದಿದೆ. ವೀಣೆಯ ತಂತಿಯ ಮೇಲಿನ ಬೆರಳುಗಳು ಇನ್ನೂ ಟ್ರೇಸಿಂಗ್ ಹಾಳೆಯವೇ. ಅವಕ್ಕೆ ಮತ್ತೊಂದು ವರ್ಷವಾದರೂ ಬೇಕು.