ರಿಯಾಕ್ಟರ್ ಸ್ಟೀಲಿನ ಫ್ರಾಕ್ಚರ್ ಟೆಸ್ಟ್ ಮಾಡೂದು ಹ್ಯಾಂಗ
ಧಾರವಾಡದಾಗ ಪಿಎಚ್‌ಡಿಗೆ ಪ್ರೆಷರ್ ವೆಸೆಲ್ (ರಿಯಾಕ್ಟರಿನ ಒತ್ತಡ ತಡಿಯೂ ದೊಡ್ಡ ಪಾತ್ರಿ) ಸ್ಟೀಲ್ ಹಿಡದವ್ರು ನೋಡ್ರಿ, ಸ್ಯಾಂಪಲ್ ಫೋರ್ಜಿಂಗಿನ (ಬಡದು ಮಾಡಿದ ಸ್ಟೀಲ್ ಗಟ್ಟಿ) ಯಾವ ದಿಕ್ಕಿಂದ, ಎಷ್ಟು ಆಳದಿಂದ ತಗದೀವಿ ಅಂತ ಮೊದ್ಲ ಅದರ ಮ್ಯಾಲ ಪಂಚ್ ಹೊಡದ ಇಡ್ರಿ. ನಾಚ್ (ಸ್ಯಾಂಪಲ್‌ನ್ಯಾಗ ಕೊರಿಯೂ ಸಣ್ಣ ಸೀಳು) ಹುಬ್ಬಳ್ಳಿ ಗೋಕುಲ ರೋಡ್ ಕಡೆ ವೈರ್‌ಕಟ್ (ಕರೆಂಟ್ ಹರಿಸಿದ ತಂತಿಲೆ ಕೊರಿಯೂದು) ಮಾಡಿಸಿದ್ರೂ ನಡೀತೈತಿ, ಆದ್ರ ನಾಚ್ ಅಂದ್ರ ಬಿರುಕಲ್ರಿ, ಫಟೀಗ್ ಮಷೀನ್‌ನ್ಯಾಗ ಸಣ್ಣ ಲೋಡ್ ಮತ್ತ ಮತ್ತ ಕೊಟ್ಟು ಅಗಲದ ಅರ್ಧದ ಆಸುಪಾಸು ಬರೂತನಕ ಖರೇ ಬಿರುಕು ಬೆಳಸ್ಬೇಕು, ಕಡೀಕ ಲೋಡ್ ಇನ್ನೂ ಇಳಸ್ರಿ, ಅವಸರ ಮಾಡಿದ್ರ ರೀಡಿಂಗ್ (ಸ್ಟೀಲ್ ಬಿರುಕು ಎಷ್ಟು ತಡೀತೈತಿ ಅನ್ನೂ ಅಳತಿ) ಸುಳ್ಳ ಜಾಸ್ತಿ ಬರತಾವ. ಲಿಕ್ವಿಡ್ ನೈಟ್ರೋಜನ್ ಬಿಟ್ಟು ತಣ್ಣಗ ಮಾಡೂವಾಗ ಥರ್ಮೋಕಪಲ್ (ಉಷ್ಣತೆ ಅಳಿಯೂ ತಂತಿ) ಸ್ಯಾಂಪಲ್‌ಗೇ ಹಚ್ರಿ, ಚೇಂಬರ್ ಗಾಳಿ ನಂಬಬ್ಯಾಡ್ರಿ. ಒಂದ ರೀಡಿಂಗ್ ನೋಡಿ ಕುಣೀಬ್ಯಾಡ್ರಿ, ಮಾಸ್ಟರ್ ಕರ್ವಿಗೆ (ಉಷ್ಣತೆ ಏರಿಧಂಗ ಸ್ಟೀಲ್ ಬಿರುಕು ಎಷ್ಟು ತಡೀತೈತಿ ಅಂತ ತೋರಸೂ ಗೆರಿ) ಕಡಿಮಿ ಅಂದ್ರೂ 6 ವ್ಯಾಲಿಡ್ ರೀಡಿಂಗ್ ಬೇಕು (ಗೈಡ್ ಸಾಹೇಬ್ರು ಏನ ಗಡಿಬಿಡಿ ಮಾಡ್ಲಿ). ಮುರದ ತುಂಡು ಒಗೀಬ್ಯಾಡ್ರಿ, ಬಿರುಕಿನ ಉದ್ದ 9 ಕಡೆ ಅಳೀಬೇಕು.