ನನ್ನ ಮೊದಲ ಪಿಟೀಲು: ಮರ ಕೆತ್ತುತ್ತಾ ಕಿವಿಗೊಟ್ಟ ದಿನಗಳು

ನನ್ನ ಮೊದಲ ಪಿಟೀಲು ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಬಿಡುವಿದ್ದ ಸಂಜೆಗಳಲ್ಲಿ ಮಾತ್ರ ಕೆಲಸ. ಹಿಂಬದಿ, ಪಕ್ಕದ ಪಟ್ಟಿ, ಕತ್ತು ಎಲ್ಲ ಮೇಪಲ್ ಮರ. ಮೇಲ್ಹಲಗೆ ಮಾತ್ರ ಸ್ಪ್ರೂಸ್.

ಪಕ್ಕದ ಪಟ್ಟಿಗಳೇ ಮೊದಲು ಕೈಕೊಟ್ಟವು. ಬಿಸಿ ಕಬ್ಬಿಣಕ್ಕೆ ಒತ್ತಿ ಬಗ್ಗಿಸುವಾಗ, ಪಿಟೀಲಿನ ಸೊಂಟದ ತಿರುವಿನಲ್ಲಿ ಎರಡು ಪಟ್ಟಿ ಟಕ್ ಅಂತ ಮುರಿದವು. ದಪ್ಪ ಜಾಸ್ತಿ ಇತ್ತು. 1 ಮಿ.ಮೀ.ಗೆ ಇಳಿಸಿ, ನೀರು ಸವರಿ, ಹೊರಗಡೆಯಿಂದ ತೆಳು ಲೋಹದ ಪಟ್ಟಿ ಆನಿಸಿ ಒತ್ತಿದೆ. ಕಾದ ಮರ ಒಂದು ಗಳಿಗೆಯಲ್ಲಿ ತಾನಾಗಿ ಸಡಿಲವಾಗುತ್ತದೆ, ಅಂಗೈಗೆ ಗೊತ್ತಾಗುತ್ತದೆ. ಆಮೇಲೆ ಒಂದೂ ಮುರಿಯಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಮೇಲ್ಹಲಗೆ. ಹೊರಗಿನ ಉಬ್ಬು ಕೆತ್ತುವಾಗ ದೀಪವನ್ನು ಪಕ್ಕದಲ್ಲಿ, ತಗ್ಗಿನಲ್ಲಿ ಇಡುತ್ತಿದ್ದೆ. ಕೈಗೆ ಸಿಗದ ಉಬ್ಬುತಗ್ಗು ನೆರಳಲ್ಲಿ ಕಾಣುತ್ತಿತ್ತು. ನಂತರ ಒಳಗಿನಿಂದ ಟೊಳ್ಳು ಮಾಡಬೇಕು. 5 ಮಿ.ಮೀ. ಇದ್ದಾಗ ಬೆರಳಿನಿಂದ ತಟ್ಟಿದರೆ ಬಾಗಿಲು ಬಡಿದ ಹಾಗೆ ಮಂಕು ಸದ್ದು. ಹೆರೆಯುತ್ತಾ ಹೋದಂತೆ ಸ್ವರ ಇಳಿಯಿತು, ಆದರೆ ಗುಂಯ್ ಅಂತ ಜಾಸ್ತಿ ಹೊತ್ತು ನಿಲ್ಲತೊಡಗಿತು. ಇನ್ನೂ ಸ್ವಲ್ಪ ಹೆರೆಯೋಣ ಅನ್ನಿಸುತ್ತದೆ, ಅಲ್ವಾ? ತೆಗೆದ ಮರ ವಾಪಸ್ ಬರಲ್ಲ. ನಡುವೆ 2.9 ಮಿ.ಮೀ.ಗೆ ನಿಲ್ಲಿಸಿದೆ.

ಬಾಸ್ ಬಾರ್ ಕೂರಿಸಲು ಎರಡು ದಿನ ಬೇಕಾಯಿತು. ಮೇಲ್ಹಲಗೆಗೆ ಒಳಗಿನಿಂದ ಆಸರೆ ಕೊಡುವ, 27 ಸೆಂ.ಮೀ. ಉದ್ದದ ಸ್ಪ್ರೂಸ್ ಪಟ್ಟಿ ಅದು. ಹಲಗೆಯ ಒಳಮೈಗೆ ಸೀಮೆಸುಣ್ಣ ಸವರಿ ಪಟ್ಟಿಯನ್ನು ಒತ್ತಬೇಕು, ಸುಣ್ಣ ಅಂಟಿದ ಕಡೆ ಮಾತ್ರ ಹೆರೆಯಬೇಕು, ಮತ್ತೆ ಒತ್ತಬೇಕು. ಉದ್ದಕ್ಕೂ ಒಂದೇ ಸಮ ಸುಣ್ಣ ಹತ್ತಿದಾಗಲೇ ಅಂಟು. ಅಂಟು ಅಂದರೆ ಪ್ರಾಣಿಗಳ ಚರ್ಮದಿಂದ ಮಾಡಿದ್ದು, 60 ಡಿಗ್ರಿಯಲ್ಲಿ ಬಿಸಿಯಾಗಿ ಇಟ್ಟುಕೊಳ್ಳಬೇಕು. ಮುಂದೆ ಯಾವಾಗಲಾದರೂ ರಿಪೇರಿಗೆ ಹಲಗೆ ಬಿಚ್ಚಬೇಕಾದರೆ ಈ ಅಂಟು ಬಿಟ್ಟುಕೊಡುತ್ತದೆ. ಬೇರೆ ಅಂಟಿನ ಸಹವಾಸ ಬೇಡ.

ತಂತಿ ಕಟ್ಟಿದ ದಿನ, ಎಲ್ಲಕ್ಕಿಂತ ಮೇಲಿನ ಸ್ವರದ ‘ಇ’ (E) ತಂತಿ ಕಿವಿ ಕೊರೆಯಿತು. ಒಳಗೆ ನಿಂತಿರುವ ಸೌಂಡ್ ಪೋಸ್ಟ್ ಕಡೆ ನೋಡಿದೆ. 6 ಮಿ.ಮೀ. ದಪ್ಪದ ಕಡ್ಡಿ, ಅಂಟಿಲ್ಲದೆ ಎರಡು ಹಲಗೆಗಳ ನಡುವೆ ಬಿಗಿಯಾಗಿ ನಿಲ್ಲುತ್ತದೆ. ಇಟಲಿಯವರು ಅದನ್ನು ಆತ್ಮ ಅಂತಲೇ ಕರೆಯುತ್ತಾರೆ. ತಂತಿ ಸ್ವಲ್ಪ ಸಡಿಲಿಸಿ, ಎಫ್ ಆಕಾರದ ಕಿಂಡಿಯಿಂದ ಬಾಗಿದ ಉಪಕರಣ ಇಳಿಸಿ, ಆ ಕಡ್ಡಿಯನ್ನು ಕುದುರೆಯಿಂದ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದೆ. ಮತ್ತೆ ಶ್ರುತಿ ಮಾಡಿ ಕಮಾನು ಎಳೆದೆ. ಇ ತಂತಿ ಮೆತ್ತಗಾಗಿತ್ತು. ಆ ರಾತ್ರಿ ತುಂಬಾ ಹೊತ್ತು ನುಡಿಸುತ್ತಲೇ ಇದ್ದೆ.